ವೂಟನ್ ಬ್ಯಾಸೆಟ್‌ನ ಗಂಟೆ, ಬೇಗೂರಿನ ಕಲ್ಲು

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್ ಬಾಗಿಲಿಗೆ ಒಂದು ಮಡಚುವ ಮೇಜು ಬರುತ್ತದೆ. ಅದರ ಮೇಲೆ ಯುದ್ಧದಲ್ಲಿ ಸತ್ತವರ ನೆನಪಿಗೆ ಕೋಟಿಗೆ ಸಿಕ್ಕಿಸಿಕೊಳ್ಳುವ ಕೆಂಪು ಕಾಗದದ ಪಾಪಿ ಹೂಗಳ ಟ್ರೇ, ದುಡ್ಡು ಹಾಕುವ ಡಬ್ಬ. ಹಿಂದೆ ಕೋಟಿನ ಮೇಲೆ ಪದಕ ಸಿಕ್ಕಿಸಿಕೊಂಡ ಒಬ್ಬ ಅಜ್ಜ. ಕೆಲವು ವರ್ಷಗಳ ಹಿಂದೆ ನಾನು ಡಬ್ಬಕ್ಕೆ ನಾಣ್ಯ ಹಾಕಿ, ಹೂವಿಗೆ ಪಿನ್ ಹುಡುಕುತ್ತಿದ್ದಾಗ ಅಜ್ಜ ಮಾತಿಗೆಳೆದ.

"ಯಾವ ಕಡೆಯವರು ನೀವು?"

"ಬೆಂಗಳೂರು" ಅಂದೆ.

ಇಲ್ಲಿ ಬೆಂಗಳೂರು ಅಂದ ಕೂಡಲೇ ಜನರಿಗೆ ಕಾಲ್‌ಸೆಂಟರ್ ಅಥವಾ ಸಾಫ್ಟ್‌ವೇರ್ ನೆನಪಾಗುತ್ತದೆ. ಈ ಅಜ್ಜ ಮಾತ್ರ ಎರಡೂ ಕೈ ಚಾಚಿ ಗಾಳಿಯಲ್ಲಿ ಒಂದು ಉದ್ದನೆ ಪೈಪಿನ ಆಕಾರ ತೋರಿಸಿ, "ಓ, ಆ ಬ್ಯಾಂಗಲೋರಾ!" ಅಂತ ನಕ್ಕ.

ನನಗೆ ಆಮೇಲೆ ಗೊತ್ತಾಯಿತು. 1912ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ಮ್ಯಾಕ್ಲಿಂಟಾಕ್ ಎಂಬ ಕ್ಯಾಪ್ಟನ್ ಸ್ಫೋಟಕ ತುಂಬಿದ ಕೊಳವೆಯೊಂದನ್ನು ರೂಪಿಸಿದ. ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿ ದಾರಿ ಮಾಡಿಕೊಳ್ಳುವ ಸಾಧನ ಅದು. ಅದಕ್ಕೆ 'ಬ್ಯಾಂಗಲೋರ್ ಟಾರ್ಪಿಡೊ' ಎಂದೇ ಹೆಸರು. ಎರಡು ಮಹಾಯುದ್ಧದಲ್ಲೂ ಬಳಕೆಯಾಯಿತು. ನಮ್ಮೂರಿನ ಹೆಸರು ಲೋಕಕ್ಕೆಲ್ಲ ಗೊತ್ತಿರುವುದು ಐಟಿಯಿಂದ ಅಂತ ಜಂಬ ಪಡುತ್ತಿದ್ದವನಿಗೆ, ಅದಕ್ಕೂ ಮೊದಲೇ ಸೈನಿಕರ ಬಾಯಲ್ಲಿ ಅದು ಒಂದು ಪೈಪಾಗಿತ್ತು ಅನ್ನುವುದು ಗೊತ್ತೇ ಇರಲಿಲ್ಲ.

ಅಜ್ಜ ರಾಯಲ್ ಎಂಜಿನಿಯರ್ಸ್‌ನಲ್ಲಿ ಬಾಂಬ್ ನಿಷ್ಕ್ರಿಯ ಮಾಡುವ ಕೆಲಸದಲ್ಲಿದ್ದವನು. ಹಿಟ್ಲರನ ವಿಮಾನಗಳು ಹಾಕಿಹೋದ, ಸಿಡಿಯದೆ ನೆಲದಲ್ಲಿ ಹೂತುಹೋದ ಬಾಂಬ್‌ಗಳನ್ನು ಅಗೆದು ತೆಗೆಯುವುದೇ ಅವನ ಕಸುಬಾಗಿತ್ತು. ಆ ಬಾಂಬ್‌ಗಳು ಇವತ್ತಿಗೂ ಮುಗಿದಿಲ್ಲ ನೋಡಿ. 2024ರ ಫೆಬ್ರವರಿಯಲ್ಲಿ ಪ್ಲಿಮತ್‌ನಲ್ಲಿ ಮನೆಯೊಂದರ ಹಿತ್ತಲಲ್ಲಿ 500 ಕಿಲೋದ ಬಾಂಬ್ ಸಿಕ್ಕಿತು. ಬೀದಿಗಳನ್ನು ಖಾಲಿ ಮಾಡಿಸಿ, ಲಾರಿಯಲ್ಲಿ ಮೆಲ್ಲಗೆ ಊರೊಳಗಿಂದ ಸಾಗಿಸಿ, ಸಮುದ್ರಕ್ಕೆ ಒಯ್ದು ಸಿಡಿಸಿದರು.

"ನಾವು ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೇ ಇದ್ದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?" ಅಂದ ಅಜ್ಜ. ಅಷ್ಟರಲ್ಲಿ ಇನ್ನೊಬ್ಬರು ಹೂವಿಗೆ ಬಂದರು. ನಾನು ಹಾಲು, ಬ್ರೆಡ್ ತರಲು ಒಳಗೆ ಹೋದೆ.

ಆ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ಗುಂಡು ಹಾರಿಸುವ ಸೈನಿಕನ ಸಾಹಸಕ್ಕೆ ಸದ್ದಿದೆ. ಬಾಂಬ್ ಬಿಚ್ಚುವವನ ಸಾಹಸಕ್ಕೆ ಸದ್ದೇ ಇರಬಾರದು. ಅವನ ಹೆಸರು ನಮ್ಮ ಕಿವಿಗೆ ಬೀಳುವುದೇ ಒಂದು ಸಲ ಎಡವಟ್ಟಾದಾಗ. ಅಂಥವನನ್ನು ನೆನೆಯುವುದು ಹೇಗೆ? ಇಲ್ಲಿನವರು ನೆನೆಯುವ ರೀತಿ ಒಂದು, ನಾವು ನೆನೆಯುವ ರೀತಿ ಇನ್ನೊಂದು. ಎರಡನ್ನೂ ನೋಡಿದವನಾಗಿ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ನಾನು ಸ್ವಿಂಡನ್‌ಗೆ ಬಂದದ್ದು 2009ರಲ್ಲಿ. ಪಕ್ಕದಲ್ಲೇ ವೂಟನ್ ಬ್ಯಾಸೆಟ್ ಅಂತ ಚಿಕ್ಕ ಊರು. ಒಂದು ಮುಖ್ಯ ಬೀದಿ, ಒಂದಷ್ಟು ಅಂಗಡಿ, ಒಂದು ಚರ್ಚು. ಅಫ್ಘಾನಿಸ್ತಾನ, ಇರಾಕ್‌ನಲ್ಲಿ ಸತ್ತ ಬ್ರಿಟಿಷ್ ಸೈನಿಕರ ಶವಪೆಟ್ಟಿಗೆಗಳು ಆಗ ಲೈನಮ್ ವಾಯುನೆಲೆಗೆ ಬರುತ್ತಿದ್ದವು. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗುವ ದಾರಿ ಈ ಊರಿನ ನಡುಬೀದಿಯಲ್ಲೇ ಹಾದುಹೋಗುತ್ತಿತ್ತು. ಮೊದಮೊದಲು ನಾಲ್ಕಾರು ನಿವೃತ್ತ ಸೈನಿಕರು ಬೀದಿಬದಿಯಲ್ಲಿ ನಿಂತು ಗೌರವ ಕೊಟ್ಟರಂತೆ. ಯಾರೂ ಕರೆದಿರಲಿಲ್ಲ, ಯಾವ ಸುತ್ತೋಲೆಯೂ ಇರಲಿಲ್ಲ. ಆಮೇಲೆ ಅಂಗಡಿಯವರು ಹೊರಗೆ ಬಂದರು, ಆಮೇಲೆ ಊರೇ ಬಂತು. 2007ರಿಂದ 2011ರವರೆಗೆ 167 ಸಲ ಹೀಗೆ ನಡೆಯಿತು. 345 ಜನರ ದೇಹಗಳು ಆ ಬೀದಿಯಲ್ಲಿ ಹಾದುಹೋದವು. ಕೊನೆಗೆ ರಾಣಿ ಆ ಊರಿಗೆ 'ರಾಯಲ್' ಎಂಬ ಬಿರುದು ಕೊಟ್ಟರು.

2010ರಲ್ಲಿ ನಾನೂ ಒಂದು ಸಲ ಹೋಗಿ ನಿಂತಿದ್ದೆ. ಅರ್ಧ ದಿನ ರಜೆ ಹಾಕಿ, ಬಸ್ಸು ಹಿಡಿದು. ನಿಜ ಹೇಳಬೇಕೆಂದರೆ ಕುತೂಹಲವೇ ಜಾಸ್ತಿ. ಬೇಕರಿಯವನು ಏಪ್ರನ್ ಕಟ್ಟಿಕೊಂಡೇ ಬಾಗಿಲಿಗೆ ಬಂದು ನಿಂತ. ಚರ್ಚಿನ ಗಂಟೆ ಒಂದೊಂದಾಗಿ ಬಡಿಯತೊಡಗಿತು. ಶವ ಸಾಗಿಸುವ ಕಪ್ಪು ಗಾಡಿ, ಅದರ ಮುಂದೆ ಎತ್ತರದ ಟೋಪಿ ಹಾಕಿ, ಕೋಲು ಹಿಡಿದು ನಡೆಯುವ ಒಬ್ಬ ಮನುಷ್ಯ. ಸ್ಮಾರಕದ ಹತ್ತಿರ ಗಾಡಿ ನಿಂತಿತು. ಮನೆಯವರು ಬಂದು ಹೂವು ಇಟ್ಟರು. ಒಬ್ಬ ಹೆಂಗಸು ಕಿಟಕಿಯ ಗಾಜಿಗೆ ಅಂಗೈ ಒತ್ತಿ ಹಿಡಿದುಕೊಂಡಳು. ಭಾಷಣ ಇಲ್ಲ, ಮೈಕು ಇಲ್ಲ, ಜೈಕಾರ ಇಲ್ಲ. ಗಾಡಿ ಹೋಯಿತು. ಹತ್ತು ನಿಮಿಷದಲ್ಲಿ ಬೇಕರಿಯವನು ಒಳಗೆ ಹೋಗಿ ಬನ್ನು ಮಾರುತ್ತಿದ್ದ. ನನಗೆ ಅದು ವಿಚಿತ್ರ ಅನಿಸಿತ್ತು. ಇಷ್ಟೇನಾ? ಅಳುವುದೂ ಬೇಡವಾ?

ಆ ಮೌನ ಒಂದು ಸಲ ಮುರಿದಿತ್ತು. 2009ರ ನವೆಂಬರ್ ಮೊದಲ ವಾರ. ಟಿವಿಯಲ್ಲಿ ನೋಡಿದ್ದು. ಓಲಾಫ್ ಶ್ಮಿಡ್ ಎಂಬ ಸ್ಟಾಫ್ ಸಾರ್ಜೆಂಟ್‌ನ ದೇಹ ಬಂದಿತ್ತು. ಹೆಸರು ಕೇಳಿದರೆ ಜರ್ಮನ್ ಅನಿಸುತ್ತದೆ, ಮನುಷ್ಯ ಕಾರ್ನ್‌ವಾಲ್‌ನ ಟ್ರೂರೋದವನು. ಚಿಕ್ಕಂದಿನಲ್ಲಿ ಅಲ್ಲಿನ ಕೆಥೆಡ್ರಲ್‌ನಲ್ಲಿ ಹಾಡುತ್ತಿದ್ದ ಹುಡುಗ. ದೊಡ್ಡವನಾಗಿ ಸೇನೆಯಲ್ಲಿ ಬಾಂಬ್ ಬಿಚ್ಚುವವನಾದ. ಅಕ್ಟೋಬರ್ 31ರಂದು ಅಫ್ಘಾನಿಸ್ತಾನದ ಹೆಲ್ಮಂಡ್ ಪ್ರಾಂತ್ಯದ ಸಂಗೀನ್ ಹತ್ತಿರ ಬಾಂಬೊಂದನ್ನು ಬಿಚ್ಚುವಾಗ ಸಿಡಿದು ಸತ್ತ. ವಯಸ್ಸು 30. ಮಾರನೇ ದಿನ ರಜೆಯ ಮೇಲೆ ಮನೆಗೆ ಹೊರಡಬೇಕಿತ್ತು.

ಗಾಡಿ ವೂಟನ್ ಬ್ಯಾಸೆಟ್‌ನ ಬೀದಿಗೆ ಬಂದಾಗ ಅವನ ಹೆಂಡತಿ ಚಪ್ಪಾಳೆ ತಟ್ಟಿದಳು. ಅಳುತ್ತಾ ಅಲ್ಲ, ತಲೆ ಎತ್ತಿಕೊಂಡು. ನಾಟಕ ಚೆನ್ನಾಗಿ ಮುಗಿದಾಗ ತಟ್ಟುತ್ತೇವಲ್ಲ, ಹಾಗೆ. ಸುತ್ತ ನಿಂತವರೂ ಸೇರಿಕೊಂಡರು. ನನ್ನ ಪಕ್ಕ ಸೋಫಾದಲ್ಲಿ ಕೂತಿದ್ದ ರೂಮ್‌ಮೇಟ್, ಗುಲ್ಬರ್ಗದವನು, "ಏನ್ರಿ ಇದು, ಸತ್ತಾಗ ಚಪ್ಪಾಳಿ ಹೊಡೀತಾರೇನ್ರಿ?" ಅಂದ. ನನಗೂ ಉತ್ತರ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮುಂದಿನ ಮಾರ್ಚ್‌ನಲ್ಲಿ. ಅವನಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಘೋಷಣೆಯಾಯಿತು. ಇಲ್ಲಿ ಎರಡು ದೊಡ್ಡ ಪದಕಗಳಿವೆ. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್. ಶತ್ರು ಎದುರಿಗಿಲ್ಲದ ಸಾಹಸಕ್ಕೆ ಜಾರ್ಜ್ ಕ್ರಾಸ್. ನಮ್ಮಲ್ಲಿ ಪರಮವೀರ ಚಕ್ರ ಮತ್ತು ಅಶೋಕ ಚಕ್ರ ಇದ್ದ ಹಾಗೆ ಅಂದುಕೊಳ್ಳಿ. 1940ರಲ್ಲಿ ಲಂಡನ್ ಮೇಲೆ ಬಾಂಬ್ ಸುರಿಯುತ್ತಿದ್ದಾಗ ಶುರುವಾದ ಪದಕ ಇದು, ಹಾಗಾಗಿ ಬಾಂಬ್ ಬಿಚ್ಚುವವರಿಗೂ ಇದಕ್ಕೂ ಮೊದಲಿನಿಂದ ನಂಟು.

ಪದಕಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಅದರ ಜೊತೆಗಿದ್ದ ವಿವರಣೆ. ಪೇಪರಿನಲ್ಲಿ ಪೂರ್ತಿ ಹಾಕಿದ್ದರು. 'ಧೀರ', 'ಶೂರ' ಅಂತ ನಾಲ್ಕು ಸಾಲು ಬರೆದು ಮುಗಿಸಿರಲಿಲ್ಲ. ಏನು ಮಾಡಿದ, ಎಲ್ಲಿ ಮಾಡಿದ, ಹೇಗೆ ಮಾಡಿದ, ಎಲ್ಲವೂ ಇತ್ತು. ಕೆಲವೇ ತಿಂಗಳಲ್ಲಿ 70 ಬಾಂಬ್‌ಗಳನ್ನು ತಾನೇ ನಿಭಾಯಿಸಿದ. ಒಂದು ಬೀದಿಯಲ್ಲಿ ದೂರದಿಂದ ನಡೆಸುವ ಯಂತ್ರವೇ ಬಾಂಬಿಗೆ ಸಿಕ್ಕಿ ಹಾಳಾದಾಗ ತಾನೇ ಮುಂದೆ ಹೋದ. ಅಕ್ಟೋಬರ್‌ನಲ್ಲಿ ಸಂಗೀನ್ ಬಜಾರಿನ ಹತ್ತಿರದ ಚೆಕ್‌ಪೋಸ್ಟ್‌ನಲ್ಲಿ ಒಂದು ಫಿರಂಗಿ ಗುಂಡು ಬಿದ್ದಿದೆ ಅಂತ ಕರೆದರು. ಹೋಗಿ ನೋಡಿದರೆ ಅದು ರೇಡಿಯೊದಿಂದ ಸಿಡಿಸುವ ಬಾಂಬ್. ಸುತ್ತ ಸಂತೆಯ ಜನ. ಯಾರೋ ಎಲ್ಲೋ ಕೂತು ಬಟನ್ ಒತ್ತಿದರೆ ಎಲ್ಲ ಮುಗಿಯಿತು. ಜನರನ್ನು ಕಳಿಸಿ, ಸೂಟು ಹಾಕಿ, ಯಂತ್ರ ತರಿಸಿ ಕೂರಲು ಸಮಯವಿಲ್ಲ. ಅಲ್ಲೇ, ಆಗಲೇ, ಕೈಯಿಂದಲೇ ಅದನ್ನು ನಿಷ್ಕ್ರಿಯ ಮಾಡಿದ.

ಇದನ್ನು ಓದಿದ ಮೇಲೆ ಅವರ ಕೆಲಸದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹೆಲ್ಮಂಡ್‌ನ ಬಾಂಬ್‌ಗಳಲ್ಲಿ ದೊಡ್ಡ ತಂತ್ರಜ್ಞಾನವೇನೂ ಇರಲಿಲ್ಲ. ಹಳದಿ ಎಣ್ಣೆ ಕ್ಯಾನಿನಲ್ಲಿ ಗೊಬ್ಬರದಿಂದ ಮಾಡಿದ ಮದ್ದು, ಎರಡು ಮರದ ಪಟ್ಟಿ, ನಡುವೆ ಎರಡು ಲೋಹದ ಚೂರು, ಬ್ಯಾಟರಿ. ಕಾಲಿಟ್ಟರೆ ಚೂರುಗಳು ಮುಟ್ಟುತ್ತವೆ, ಅಷ್ಟೇ. ಲೋಹ ಕಡಿಮೆ ಇದ್ದಷ್ಟೂ ಪತ್ತೆ ಹಚ್ಚುವ ಯಂತ್ರಕ್ಕೆ ಸಿಗುವುದಿಲ್ಲ. ಬಿಚ್ಚುವವನು ಒಬ್ಬನೇ ನಡೆದು ಹೋಗಬೇಕು. ಆ ನಡಿಗೆಗೆ ಅವರು 'ಲಾಂಗ್ ವಾಕ್' ಅನ್ನುತ್ತಾರೆ. ಹೋಗಿ ಹೊಟ್ಟೆಯ ಮೇಲೆ ಮಲಗಿ, ಗೋಡೆಗೆ ಬಣ್ಣ ಬಳಿಯುವಂಥ ಬ್ರಷ್ಷಿನಿಂದ ಮಣ್ಣು ಸರಿಸುತ್ತಾ ವೈರು ಹುಡುಕಬೇಕು. ಬಣ್ಣದ ಬ್ರಷ್! ಅದನ್ನು ಓದಿದ ದಿನ ನನಗೆ ಆ ಚಪ್ಪಾಳೆ ಅರ್ಥವಾಯಿತು. ಸತ್ತದ್ದಕ್ಕೆ ತಟ್ಟಿದ್ದಲ್ಲ ಅದು. 70 ಸಲ ಹಾಗೆ ಮಲಗಿ ಎದ್ದು ಬಂದದ್ದಕ್ಕೆ.

ಈಗ ನಮ್ಮ ಕಡೆಗೆ ಬರೋಣ.

2016ರ ಜನವರಿ 2ರ ಬೆಳಗಿನ ಜಾವ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದರು. ಮಾರನೇ ದಿನ ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ದಳದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಸತ್ತ ಉಗ್ರನೊಬ್ಬನ ದೇಹವನ್ನು ತಪಾಸಣೆ ಮಾಡುವಾಗ ಗ್ರೆನೇಡ್ ಸಿಡಿದು ತೀರಿಕೊಂಡರು. ಸೇನೆಯ ಎಂಜಿನಿಯರ್ ವಿಭಾಗದಿಂದ ಎನ್‌ಎಸ್‌ಜಿಗೆ ಹೋಗಿದ್ದವರು. ಮೂಲ ಕೇರಳದ ಪಾಲಕ್ಕಾಡ್ ಜಿಲ್ಲೆ, ಬೆಳೆದದ್ದು ಬೆಂಗಳೂರು. ಮನೆ ಜಾಲಹಳ್ಳಿ ಹತ್ತಿರ ದೊಡ್ಡಬೊಮ್ಮಸಂದ್ರದಲ್ಲಿ. ಮನೆಯಲ್ಲಿ ಇನ್ನೂ ಪುಟ್ಟ ಮಗಳು.

ಪಾರ್ಥಿವ ಶರೀರವನ್ನು ಜಾಲಹಳ್ಳಿಯ ಬಿಇಎಲ್ ಮೈದಾನದಲ್ಲಿ ಅಂತಿಮ ದರ್ಶನಕ್ಕೆ ಇಟ್ಟಿದ್ದರು. ಆ ಕಡೆ ಇರುವ ನನ್ನ ಗೆಳೆಯ ಹೋಗಿದ್ದ. ರಾತ್ರಿ ಫೋನ್ ಮಾಡಿದ. "ಎಷ್ಟು ಜನ ಗೊತ್ತೇನೋ! ಸ್ಕೂಲ್ ಮಕ್ಕಳು, ಆಟೋದವ್ರು, ಗಾರ್ಮೆಂಟ್ ಕೆಲ್ಸದ ಹೆಣ್ಮಕ್ಳು. ಒಬ್ಬರೂ ಅವರ ಮುಖ ನೋಡಿದವ್ರಲ್ಲ. ಎಲ್ಲ ಅಳ್ತಿದ್ರು ಕಣೋ" ಅಂದ. ಹೇಳುತ್ತಾ ಅವನಿಗೇ ಗಂಟಲು ಕಟ್ಟಿತು. ಫೋನಿನ ಹಿಂದೆ ಯಾವುದೋ ಟಿವಿಯಿಂದ 'ಅಮರ್ ರಹೇ' ಕೇಳಿಸುತ್ತಿತ್ತು. ಅಲ್ಲಿಂದ ದೇಹ ಪಾಲಕ್ಕಾಡ್ ಕಡೆಯ ಅವರ ಮೂಲ ಊರು ಎಳಂಬುಲಶ್ಶೇರಿಗೆ ಹೋಯಿತು, ಕುಶಾಲತೋಪು ಹಾರಿಸಿ ಸರ್ಕಾರಿ ಗೌರವದಿಂದ ಅಂತ್ಯಕ್ರಿಯೆ ಆಯಿತು.

ಈ ಅಳುವನ್ನು ನಾನು ಕಡೆಗಣಿಸುವುದಿಲ್ಲ. ವೂಟನ್ ಬ್ಯಾಸೆಟ್‌ನಲ್ಲಿ ನನಗೆ ಕಾಣದೇ ಹೋದದ್ದು ಅದೇ. ಗುರುತಿಲ್ಲದವನಿಗೆ ಕಣ್ಣೀರು ಹಾಕುವುದು ನಮ್ಮವರಿಗೆ ಬರುತ್ತದೆ. ಮುಂದಿನ ತಿಂಗಳೇ ಸಿಯಾಚಿನ್‌ನ ಹಿಮದಡಿ ಆರು ದಿನ ಬದುಕಿದ್ದ ಬೆಟದೂರಿನ ಹನುಮಂತಪ್ಪ ಕೊಪ್ಪದ ತೀರಿಕೊಂಡಾಗಲೂ ಇಡೀ ಕರ್ನಾಟಕ ಮನೆಯ ಮಗನನ್ನು ಕಳೆದುಕೊಂಡಂತೆ ಕೂತಿತ್ತು. ಅದು ಸುಳ್ಳು ದುಃಖ ಅಲ್ಲ.

ಆದರೆ ಮೂರು ದಿನ. ನಾಲ್ಕನೇ ದಿನ ಉಳಿಯುವುದು ಫ್ಲೆಕ್ಸ್. 'ವೀರಯೋಧನಿಗೆ ಅಶ್ರುತರ್ಪಣ.' ಮೂಲೆಯಲ್ಲಿ ಸ್ಟಾಂಪ್ ಸೈಜಿನ ಯೋಧ, ಉಳಿದ ಜಾಗದಲ್ಲಿ ಕೈ ಮುಗಿದು ನಿಂತ ವಾರ್ಡಿನ ಮುಖಂಡರು. ಆ ಫ್ಲೆಕ್ಸ್ ಓದಿದವನಿಗೆ ಯೋಧ ಏನು ಮಾಡುತ್ತಿದ್ದ ಅಂತ ಗೊತ್ತಾಗುವುದಿಲ್ಲ. ಗಡಿಯಲ್ಲಿ ಗುಂಡು ತಿಂದವನು, ಹಿಮದಲ್ಲಿ ಹೂತುಹೋದವನು, ಬಾಂಬ್ ಬಿಚ್ಚಲು ಹೋದವನು, ಎಲ್ಲರಿಗೂ ಒಂದೇ ಶಬ್ದ: ವೀರಮರಣ. ನಿರಂಜನ್ ಅವರಿಗೆ ಮರಣೋತ್ತರ ಶೌರ್ಯ ಚಕ್ರ ಬಂತು. ಅದರ ವಿವರಣೆಯನ್ನು ಕನ್ನಡದಲ್ಲಿ ನಾನು ಇವತ್ತಿನವರೆಗೆ ಎಲ್ಲೂ ಓದಿಲ್ಲ. ಮಲಯಾಳಿಯೋ ಕನ್ನಡಿಗರೋ ಎಂಬ ಚರ್ಚೆ ಮಾತ್ರ ಬೇಕಾದಷ್ಟು ಓದಿದ್ದೇನೆ. ಹೊಟ್ಟೆಪಾಡಿಗೆ ಇನ್ನೊಂದು ದೇಶದಲ್ಲಿ ಇರುವ ನನ್ನಂಥವನಿಗೆ ಆ ಚರ್ಚೆ ತಮಾಷೆಯಾಗಿ ಕಾಣುತ್ತದೆ.

ಇನ್ನೊಂದು ವಿಷಯ ಇದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆ ಒತ್ತುವರಿ ತೆರವು ಶುರುವಾಯಿತಲ್ಲ, ಆಗ ನಿರಂಜನ್ ಅವರ ಮನೆಯ ಒಂದು ಭಾಗಕ್ಕೂ ಗುರುತು ಬಿತ್ತು. ಸುದ್ದಿ ಇಲ್ಲಿಯವರೆಗೂ ಬಂತು. ಕಾನೂನು ಎಲ್ಲರಿಗೂ ಒಂದೇ ಅನ್ನುವುದನ್ನು ನಾನು ಒಪ್ಪುತ್ತೇನೆ. ಕಾಲುವೆ ಯಾರ ಮನೆ ಅಂತ ನೋಡಿ ಹರಿಯುವುದಿಲ್ಲ. ಆದರೂ ಜನವರಿಯಲ್ಲಿ ಹೂವಿನ ಹಾರ, ಆಗಸ್ಟ್‌ನಲ್ಲಿ ಬಣ್ಣದ ಗುರುತು. ಅದನ್ನು ಓದಿದ ದಿನ ಆಫೀಸಿನಲ್ಲಿ ಕೆಲಸ ಸಾಗಲಿಲ್ಲ.

ಇದಕ್ಕಿಂತಲೂ ದೊಡ್ಡ ವ್ಯತ್ಯಾಸ ನನಗೆ ಕಂಡದ್ದು ಪ್ರಶ್ನೆ ಕೇಳುವ ವಿಷಯದಲ್ಲಿ. ಪಠಾಣ್‌ಕೋಟ್ ಆದ ಮೇಲೆ ಒಂದೆರಡು ದಿನ ಟಿವಿಯಲ್ಲಿ ಗಲಾಟೆ. ರಕ್ಷಣಾ ಸೂಟ್ ಹಾಕಿದ್ದರೋ ಇಲ್ಲವೋ? ನಿಯಮ ಪಾಲಿಸಿದ್ದರೋ ಇಲ್ಲವೋ? ಕೇಳಿದವರ ಧಾಟಿಯಲ್ಲಿ ತಪ್ಪು ಸತ್ತವರದೇ ಎಂಬ ವಾಸನೆ ಇತ್ತು. ಎದುರಿಗಿದ್ದವರು, ಹುತಾತ್ಮನ ಬಗ್ಗೆ ಹೀಗೆ ಕೇಳುವುದೇ ಅವಮಾನ ಎಂದು ಕೂಗಿದರು. ವಾರದೊಳಗೆ ಇಬ್ಬರೂ ಬೇರೆ ವಿಷಯಕ್ಕೆ ಹೋದರು. ಸೇನೆಯೊಳಗೆ ವಿಚಾರಣೆ ನಡೆಯುತ್ತದೆ, ನಿಜ. ಆದರೆ ಅದರ ವರದಿ ನಮಗೆ ನಿಮಗೆ ಸಿಗುವಂಥದ್ದಲ್ಲ.

ಇಂಗ್ಲೆಂಡಿನಲ್ಲಿ ಹಾಗಿಲ್ಲ. ಯುದ್ಧದಲ್ಲಿ ಸತ್ತ ಸೈನಿಕನ ದೇಹ ಇಲ್ಲಿಗೆ ಬಂದರೆ ಕಾರನರ್ ಎಂಬ ಅಧಿಕಾರಿ ವಿಚಾರಣೆ ನಡೆಸಬೇಕು. ಸೇನೆಗೆ ಸೇರಿದವರಲ್ಲ ಇವರು. ಬಾಗಿಲು ತೆರೆದಿರುತ್ತದೆ. ಪತ್ರಕರ್ತರು ಕೂರುತ್ತಾರೆ. ಪಕ್ಕದಲ್ಲಿದ್ದ ಸೈನಿಕರು ಬಂದು ಏನಾಯಿತು ಅಂತ ಹೇಳುತ್ತಾರೆ. ಹೆಂಡತಿ, ಅಪ್ಪ, ಅಮ್ಮ ಎದ್ದು ನಿಂತು ಪ್ರಶ್ನೆ ಕೇಳಬಹುದು. ಶ್ಮಿಡ್‌ನ ಹೆಂಡತಿಯಂತೂ ಸುಮ್ನೆ ಕೂರಲಿಲ್ಲ. ಬಾಂಬ್ ಬಿಚ್ಚುವವರು ಸಾಕಷ್ಟಿಲ್ಲ, ಇರುವವರಿಗೆ ಬಿಡುವಿಲ್ಲ, ಸುಸ್ತಾದ ಕೈಗೆ ಬಾಂಬ್ ಕೊಡುತ್ತಿದ್ದೀರಿ ಎಂದು ಟಿವಿಯಲ್ಲಿ ಕೂತು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಳು. ಚಪ್ಪಾಳೆ ತಟ್ಟಿದ ಕೈಯೇ ಸರ್ಕಾರದ ಕಡೆ ಬೆರಳು ಮಾಡಿತು. ಅದರಿಂದ ಗಂಡನಿಗೆ ಅವಮಾನವಾಯಿತು ಅಂತ ಇಲ್ಲಿ ಯಾರಿಗೂ ಅನಿಸಲಿಲ್ಲ.

ಸೂಟಿನ ವಿಷಯವನ್ನೇ ತಗೊಳ್ಳಿ. ಆ ಸೂಟು ಮೂವತ್ತು ಕಿಲೋಗಿಂತ ಜಾಸ್ತಿ ತೂಕ. ಹೆಲ್ಮಂಡ್‌ನ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಹೊಟ್ಟೆ ಮೇಲೆ ಮಲಗಿ ಕೆಲಸ ಮಾಡಲು ಆಗುತ್ತಿರಲಿಲ್ಲ, ಬಹಳ ಸಲ ಸೂಟಿಲ್ಲದೆಯೇ ಹೋಗುತ್ತಿದ್ದರು. ಯಾವಾಗ ಹಾಕಬೇಕು, ಯಾವಾಗ ಬಿಡಬೇಕು ಅನ್ನುವುದು ಅಲ್ಲಿ ಮಂಡಿಯೂರಿ ಕೂತವನ ತೀರ್ಮಾನ. ಇಷ್ಟು ವಿವರ ಗೊತ್ತಿದ್ದರೆ ನಮ್ಮ ಟಿವಿಯಲ್ಲಿ ಆ ಪ್ರಶ್ನೆ ಕೇಳುವ ಧಾಟಿಯೇ ಬೇರೆ ಇರುತ್ತಿತ್ತು, ಅಲ್ವಾ?

ಹಾಗಂತ ಇಂಗ್ಲಿಷರು ಎಲ್ಲದರಲ್ಲೂ ಗಟ್ಟಿಗರು ಅಂತ ನಾನು ಹೇಳಹೊರಟಿಲ್ಲ. ನವೆಂಬರ್‌ನಲ್ಲಿ ಟಿವಿಗೆ ಬರುವವರು ಯಾರಾದರೂ ಪಾಪಿ ಹೂವು ಹಾಕದಿದ್ದರೆ ಸಾಕು, ದೇಶದ್ರೋಹಿ ಅನ್ನುವವರು ಇಲ್ಲೂ ಇದ್ದಾರೆ. ನೆನಪಿನಲ್ಲೂ ಮೇಲು ಕೀಳು ಇದೆ. 1941ರ ಮೇ 12ರಂದು ಎರಿತ್ ಎಂಬಲ್ಲಿ ಬಾಂಬ್ ಬಿಚ್ಚುವಾಗ ಸಫೊಕ್‌ನ ಅರ್ಲ್, ಅಂದರೆ ಒಬ್ಬ ದೊಡ್ಡ ಜಮೀನ್ದಾರ, ಸತ್ತ. ಅದಕ್ಕೂ ಮೊದಲು 34 ಬಾಂಬ್ ಬಿಚ್ಚಿದ್ದವನು. ಅವನ ಜೊತೆ ಪ್ರತಿ ಬಾಂಬಿನ ಹತ್ತಿರವೂ ಇರುತ್ತಿದ್ದವರು ಸೆಕ್ರೆಟರಿ ಐಲೀನ್ ಮಾರ್ಡನ್ ಮತ್ತು ಡ್ರೈವರ್ ಫ್ರೆಡ್ ಹಾರ್ಡ್ಸ್. ಅರ್ಲ್ ಒಂದೊಂದು ತಿರುಪು ಬಿಚ್ಚುವಾಗಲೂ ಏನು ಮಾಡುತ್ತಿದ್ದೇನೆ ಅಂತ ಹೇಳುವುದು, ಆಕೆ ಬರೆದುಕೊಳ್ಳುವುದು. ಇವರೇ ಹೋದರೂ ಮುಂದಿನವರಿಗೆ ಆ ಬರಹ ಉಳಿಯಲಿ ಅಂತ. ಮೂವರೂ ಅವತ್ತೇ ಹೋದರು, ಜೊತೆಗಿದ್ದ ಸೈನಿಕರೂ ಹೋದರು. ಅರ್ಲ್‌ಗೆ ಜಾರ್ಜ್ ಕ್ರಾಸ್ ಬಂತು. ಸೆಕ್ರೆಟರಿಗೆ, ಡ್ರೈವರ್‌ಗೆ ಪ್ರಶಂಸೆ ಬಂತು. ಬಾಂಬಿಗೆ ಅಂತಸ್ತು ಗೊತ್ತಿರಲಿಲ್ಲ, ಪದಕ ಕೊಡುವವರಿಗೆ ಗೊತ್ತಿತ್ತು.

ನಮ್ಮವರ ವಿಷಯ ಇನ್ನೂ ಕಷ್ಟ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗಾಗಿ ಸತ್ತ ಆಫ್ರಿಕಾ, ಏಷ್ಯಾದ ಎಷ್ಟೋ ಸಾವಿರ ಜನರ ಹೆಸರನ್ನು ಬಿಳಿಯರ ಹೆಸರಿನ ಹಾಗೆ ಕಲ್ಲಿನಲ್ಲಿ ಕೆತ್ತಲಿಲ್ಲ ಎಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ನೂರು ವರ್ಷ ಆದ ಮೇಲೆ. ಎರಡನೇ ಯುದ್ಧದ ಹೊತ್ತಿಗೆ ಕಥೆ ಸ್ವಲ್ಪ ಬದಲಾಗಿತ್ತು. 1944ರ ಫೆಬ್ರವರಿ 24ರಂದು ಇಟಲಿಯ ಮಿನ್ಯಾನೊದಲ್ಲಿ ಸುಬೇದಾರ್ ಸುಬ್ರಮಣಿಯನ್ ಎಂಬುವರು ನೆಲಬಾಂಬ್ ಹುಡುಕುವ ತಂಡದಲ್ಲಿದ್ದರು. ಒಬ್ಬನ ಕಾಲು ಬಾಂಬಿನ ಮೇಲೆ ಬಿತ್ತು. ಅದು ಸಿಡಿಯುವ ಮೊದಲು ಇರುವ ಅರೆಕ್ಷಣದಲ್ಲಿ ಸುಬೇದಾರರು ತಾವೇ ಅದರ ಮೇಲೆ ಬಿದ್ದು ಉಳಿದವರನ್ನು ಉಳಿಸಿದರು. ಅವರಿಗೂ ಜಾರ್ಜ್ ಕ್ರಾಸ್ ಸಿಕ್ಕಿತು. ಮದ್ರಾಸ್ ಸ್ಯಾಪರ್ಸ್‌ನವರು. ಅಂದರೆ ಹಲಸೂರು ಕೆರೆ ಪಕ್ಕದ ನಮ್ಮ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್). ಆ ಕಾಂಪೌಂಡಿನ ಪಕ್ಕ ನಾನು ಎಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೋ ಲೆಕ್ಕವಿಲ್ಲ. ಈ ಹೆಸರು ತಿಳಿದದ್ದು ಮಾತ್ರ ಇಂಗ್ಲೆಂಡಿಗೆ ಬಂದ ಮೇಲೆ.

ನಮಗೆ ವಿವರ ಬರೆದಿಡುವ ಅಭ್ಯಾಸವೇ ಇಲ್ಲ ಅಂತ ಇಲ್ಲಿ ಕೂತು ಗೊಣಗುತ್ತಿದ್ದೆ. ಬೆಂಗಳೂರಿನ ಬೇಗೂರಿಗೆ ಹೋದಾಗ ನನ್ನ ಬಾಯಿ ಮುಚ್ಚಿತು. ಕಳೆದ ಸಲ ರಜೆಗೆ ಬಂದಾಗ ಅಕ್ಕನ ಮನೆ ಆ ಕಡೆ ಇದೆ ಅಂತ ಸಂಜೆ ಸುಮ್ನೆ ನಡೆದು ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಒಂದು ಕಲ್ಲು ಇದೆ. ಸುಮಾರು 1100 ವರ್ಷ ಹಳೆಯದು. 'ಬೆಂಗಳೂರ ಕಾಳಗ'ದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಸತ್ತರು ಅಂತ ಹಳಗನ್ನಡದಲ್ಲಿ ಬರೆದಿದೆ. ಬೆಂಗಳೂರು ಅನ್ನುವ ಹೆಸರು ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅದು ಅನ್ನುತ್ತಾರೆ. ನೋಡಿ, ಊರಿನ ಹೆಸರು ಮೊದಲು ಸಿಗುವುದೇ ಸತ್ತವರನ್ನು ನೆನೆಯುವ ಕಲ್ಲಿನಲ್ಲಿ.

ನಮ್ಮ ವೀರಗಲ್ಲುಗಳನ್ನು ಒಮ್ಮೆ ಸರಿಯಾಗಿ ಓದಿ. ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತ, ಹುಲಿಯೊಡನೆ ಹೋರಾಡಿ ಸತ್ತ, ಆನೆ ಇರಿದು ಸತ್ತ. ಹೇಗೆ ಅಂತ ಇರುತ್ತದೆ. ಕೆಳಗಿನ ಪಟ್ಟಿಯಲ್ಲಿ ಆ ಕಾಳಗವನ್ನೇ ಕೆತ್ತಿರುತ್ತಾರೆ. ಅಕ್ಷರ ಬರದವನಿಗೂ ಏನಾಯಿತು ಅಂತ ತಿಳಿಯಲಿ ಅಂತ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಇಂಗ್ಲಿಷರ ವಿವರಣೆಯಲ್ಲಿ ಕೈಲಾಸ ಒಂದು ಇಲ್ಲ, ಉಳಿದದ್ದೆಲ್ಲ ಅದೇ.

ಸತ್ತವನ ಮನೆಗೆ ಜಮೀನು ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಇಷ್ಟು ಮುಚ್ಚುಮರೆ ಇಲ್ಲದ ಹೆಸರನ್ನು ಯಾವ ಸರ್ಕಾರಿ ಆದೇಶದಲ್ಲಿ ನೋಡಿದ್ದೀರಿ? ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲಿ ಅನ್ನುವ ಶಾಪವೂ ಶಾಸನಗಳ ಕೊನೆಗೆ ಇರುತ್ತದೆ. ಅದನ್ನು ಓದುವಾಗ ಆಗಸ್ಟ್ ತಿಂಗಳ ಆ ಬಣ್ಣದ ಗುರುತು ನೆನಪಿಗೆ ಬಂತು.

ಮಂಡ್ಯ ಕಡೆಯ ಆತಕೂರಿನ ಕಲ್ಲಂತೂ ಒಂದು ನಾಯಿಗಾಗಿ ಹಾಕಿಸಿದ್ದು. ಹತ್ತನೇ ಶತಮಾನದ್ದು. ಕಾಳಿ ಅಂತ ನಾಯಿಯ ಹೆಸರು. ಹಂದಿಯೊಡನೆ ಕಾದಾಡಿ ಎರಡೂ ಸತ್ತವು ಅಂತ ಬರೆದಿದ್ದಾರೆ. ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಎಂದೂ ಬರೆದಿದ್ದಾರೆ. ಇಲ್ಲಿ ಥಿಯೊ ಅನ್ನುವ ನಾಯಿಯ ಬಗ್ಗೆ ಓದಿದಾಗ ನನಗೆ ಕಾಳಿಯೇ ನೆನಪಾಗಿದ್ದು. ಹೆಲ್ಮಂಡ್‌ನಲ್ಲಿ ಐದು ತಿಂಗಳಲ್ಲಿ 14 ಕಡೆ ಬಾಂಬು, ಆಯುಧ ಮೂಸಿ ಹಿಡಿದ ನಾಯಿ ಅದು. 2011ರ ಮಾರ್ಚ್ 1ರಂದು ಅದನ್ನು ನಡೆಸುತ್ತಿದ್ದ ಲಿಯಮ್ ಟಾಸ್ಕರ್ ಗುಂಡಿಗೆ ಬಲಿಯಾದ. ಕೆಲವೇ ಗಂಟೆಗಳಲ್ಲಿ ಥಿಯೊ ಕೂಡ ಸತ್ತಿತು. ಅದಕ್ಕೂ ಪದಕ ಕೊಟ್ಟರು. ಇಲ್ಲಿನ ಗೆಳೆಯರು ಇದನ್ನು ಹೆಮ್ಮೆಯಿಂದ ಹೇಳಿದಾಗ, ನಮ್ಮಲ್ಲಿ ಇದನ್ನು ಸಾವಿರ ವರ್ಷದ ಹಿಂದೆಯೇ ಮಾಡಿದ್ದರಪ್ಪಾ ಅಂತ ಕಾಳಿಯ ಕಥೆ ಹೇಳುತ್ತೇನೆ. ಸ್ವಲ್ಪ ಜಂಬ, ಇರಲಿ ಬಿಡಿ.

ಬೆಂಗಳೂರಿನ ಸೇನಾ ಸ್ಮಾರಕದಲ್ಲಿ ಈಗ 75 ಅಡಿ ಎತ್ತರದ ವೀರಗಲ್ಲು ನಿಲ್ಲಿಸಿದ್ದಾರೆ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿ ಸಂಜೆ ಹೊತ್ತು ಒಬ್ಬ ಯೋಧನ ಮನೆಯವರಿಂದ ಹೂಗುಚ್ಛ ಇಡಿಸುವ ಪದ್ಧತಿಯೂ ಇದೆ, ಅದು ನನಗೆ ತುಂಬಾ ಹಿಡಿಸಿತು. ಎತ್ತರ ಬೇಡ ಅನ್ನುತ್ತಿಲ್ಲ. ಆದರೆ ಬೇಗೂರಿನ ಕಲ್ಲು ಕಣ್ಣಿನ ಮಟ್ಟಕ್ಕಿದೆ, ನಿಂತು ಓದಬಹುದು. ದೊಡ್ಡಬೊಮ್ಮಸಂದ್ರದ ಯಾವುದಾದರೂ ಬಸ್ ಸ್ಟಾಪಿನಲ್ಲಿ ಹತ್ತು ಸಾಲು ಕನ್ನಡದಲ್ಲಿ ನಿರಂಜನ್ ಏನು ಕೆಲಸ ಮಾಡುತ್ತಿದ್ದರು, ಆ ದಿನ ಏನಾಯಿತು ಅಂತ ಬರೆದ ಒಂದು ಆಳೆತ್ತರದ ಕಲ್ಲು ಇದ್ದರೆ ಸಾಕು. ಬಸ್ಸಿಗೆ ಕಾಯುವವರು ಓದುತ್ತಾರೆ. ಬಸ್ಸು ಹೇಗೂ ಲೇಟು.

ಕಳೆದ ನವೆಂಬರ್ 11ರಂದು ನಾನು ಆಫೀಸಿನ ಪ್ಯಾಂಟ್ರಿಯಲ್ಲಿದ್ದೆ. ಹನ್ನೊಂದು ಗಂಟೆಗೆ ಎರಡು ನಿಮಿಷದ ಮೌನ ಶುರುವಾಯಿತು. ಯುದ್ಧದಲ್ಲಿ ಸತ್ತವರನ್ನು ನೆನೆಯಲು 1919ರಲ್ಲಿ ಶುರುವಾದ ಪದ್ಧತಿ. ಸಹೋದ್ಯೋಗಿಯೊಬ್ಬಳು ಕೆಟಲ್ ಆನ್ ಮಾಡಿಬಿಟ್ಟಿದ್ದಳು. ಆರಿಸಲು ಕೈ ಚಾಚಿದವಳು ಹಾಗೇ ನಿಂತಳು. ಇಡೀ ಮಹಡಿಯಲ್ಲಿ ಕೆಟಲ್ ಗೊರಗುಟ್ಟುವುದೊಂದೇ ಸದ್ದು. ನೀರು ಕುದಿಯಿತು, ಟಕ್ ಅಂತ ಬಟನ್ ಬಿತ್ತು. ನಾಲ್ಕೈದು ಜನ ಬೆಚ್ಚಿದರು. ಆ ಟಕ್ ಸದ್ದಿಗೆ ನನ್ನ ತಲೆಯಲ್ಲಿ ಬಂದದ್ದು ಬಣ್ಣದ ಬ್ರಷ್ಷು, ಮಣ್ಣು, ವೈರು.

ಸಂಜೆ ಊಟಕ್ಕೆ ಕೂತಾಗ ಮಗಳು ನನ್ನ ಕೋಟಿನ ಹೂವು ಮುಟ್ಟಿ, "ಅಪ್ಪಾ, ಇದು ಯಾರಿಗೆ? ಸ್ಕೂಲಲ್ಲಿ ಸೋಲ್ಜರ್ಸ್‌ಗೆ ಅಂದ್ರು. ನಮ್ಮೋರು ಯಾರಾದ್ರೂ ಇದ್ದಾರಾ?" ಅಂತ ಕೇಳಿದಳು. ಇದ್ದಾರೆ ಅಂದೆ. ಹಲಸೂರಿನ ಸುಬೇದಾರರಿಂದ ಶುರು ಮಾಡಿದೆ. ಆಮೇಲೆ ಜಾಲಹಳ್ಳಿ. ಬಾಂಬ್ ಅಂದರೆ ಸಿನಿಮಾದ ಹಾಗೆ ಕೆಂಪು ವೈರು, ನೀಲಿ ವೈರು ಅಲ್ಲ ಅಂತ ಹೇಳಿ, ಮೇಜಿನ ಮೇಲೆ ಉಪ್ಪು ಚೆಲ್ಲಿ, ಒಂದು ದಾರ ಮುಚ್ಚಿಟ್ಟು, ಅವಳ ಡ್ರಾಯಿಂಗ್ ಬ್ರಷ್ಷನ್ನೇ ಕೈಗೆ ಕೊಟ್ಟೆ. ದಾರ ಅಲುಗಾಡಬಾರದು ಅಂದೆ. ಅವಳು ಉಸಿರು ಬಿಗಿಹಿಡಿದು ಉಪ್ಪು ಸರಿಸತೊಡಗಿದಳು. ಮೂರನೇ ಸಲಕ್ಕೆ ದಾರ ಅಲುಗಲಿಲ್ಲ. ಆಮೇಲೆ ಪಠಾಣ್‌ಕೋಟ್‌ನಲ್ಲಿ ಏನಾಯಿತು ಅಂತ ಕೇಳಿದಳು. ಗೊತ್ತಿದ್ದಷ್ಟು ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಇಬ್ಬರ ತಟ್ಟೆಯಲ್ಲೂ ಅನ್ನ ಆರಿತ್ತು.